ತೂಕದ ಪುಸ್ತಕ ತಿದ್ದಿದ ರಾಬಿನ್ ಹುಡ್: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಇಬ್ಬರು ರಾಬಿನ್ ಹುಡ್ ಇದ್ದಾರೆ. ಒಬ್ಬ ಇಂಗ್ಲೆಂಡಿನ ಹಳೆಯ ಲಾವಣಿಗಳವನು, ಕಾಡಿನಲ್ಲಿ ಗುಂಪು ಕಟ್ಟಿಕೊಂಡು ಸುಲಿಗೆ ಮಾಡುವವನು. ಇನ್ನೊಬ್ಬ ನಮ್ಮ ಚರ್ಚಿನ ಯುವಜನ ಸಂಘದ ಹುಡುಗ, ಮೂಡಿಗೆರೆ ಮತ್ತು ಸಕಲೇಶಪುರದ ನಡುವಿನ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದವನು. ನಾನು ಆ ಸಂಘದ ಜೊತೆ ಕೆಲಸ ಮಾಡುವವಳು. ಊರು, ತೋಟ, ಜನ ಯಾರ ಹೆಸರನ್ನೂ ಇಲ್ಲಿ ಹಾಕಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಹುಡುಗ ಮತ್ತು ತೋಟದ ಮೇಸ್ತ್ರಿ ಇಬ್ಬರೂ "ಬರೀರಿ, ಬೇರೆಯವರಿಗೆ ಉಪಯೋಗಕ್ಕೆ ಬರಲಿ" ಎಂದ ಮೇಲೆಯೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಚಿಕ್ಕಮಗಳೂರು ಕಥೋಲಿಕ ಧರ್ಮಕ್ಷೇತ್ರ ಶುರುವಾದದ್ದು 1963ರಲ್ಲಿ. ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳು ಅದರೊಳಗೆ ಬರುತ್ತವೆ. ತೋಟದ ಕಡೆಯ ನಮ್ಮಂಥ ಚರ್ಚುಗಳಲ್ಲಿ ಕೊಂಕಣಿ ಮನೆಮಾತಿನವರು, ತಮಿಳಿನವರು, ಕನ್ನಡದವರು ಎಲ್ಲರೂ ಇರುತ್ತಾರೆ. ಪೂಜೆ ಕನ್ನಡದಲ್ಲಿ. ತೋಟದ ಸಾಹುಕಾರರೂ ಅದೇ ಪೂಜೆಗೆ ಬರುತ್ತಾರೆ, ಅವರ ತೋಟದಲ್ಲಿ ಹಣ್ಣು ಕೊಯ್ಯುವವರೂ ಬರುತ್ತಾರೆ. ಈ ಕಥೆಯ ಸಾಹುಕಾರರು ಪ್ರತಿ ವರ್ಷ ಚರ್ಚಿನ ಹಬ್ಬದ ಊಟಕ್ಕೆ ಅಕ್ಕಿ ಕೊಡುವವರು. ಇದು ಮುಂದೆ ಮುಖ್ಯವಾಗುತ್ತದೆ.

ಹಬ್ಬಕ್ಕೆ ಯುವಜನ ಸಂಘದವರು ಪ್ರತಿ ವರ್ಷ ಒಂದು ನಾಟಕ ಆಡುತ್ತಾರೆ. ಆ ವರ್ಷ ರಾಬಿನ್ ಹುಡ್ ಎಂದು ತೀರ್ಮಾನವಾಯಿತು. ಯೋಚನೆ ಹುಡುಗನದೇ. ಅವನಿಗೆ ಆಗ 24 ವರ್ಷ. ಮಾತು ಚೆನ್ನಾಗಿ ಆಡುತ್ತಾನೆ, ಹಾಡುತ್ತಾನೆ, ಯಾರಿಗೆ ಕಷ್ಟ ಎಂದರೂ ಮೊದಲು ಓಡುವವನು. ಸಂಘದ ಖಜಾಂಚಿಯೂ ಅವನೇ. ಮುಖ್ಯ ಪಾತ್ರ ಅವನಿಗೇ ಸಿಕ್ಕಿತು.

ಹಿರಿಯರಲ್ಲಿ ಒಬ್ಬರು ತಕರಾರು ತೆಗೆದರು. ಎಲ್ಲರೂ ಅವರನ್ನು ದೊಡ್ಡಪ್ಪ ಎಂದೇ ಕರೆಯುವುದು. "ಹತ್ತು ಕಟ್ಟಳೆಯಲ್ಲಿ ಕದಿಯಬಾರದು ಅಂತ ಇದೆ. ನೀವು ಚರ್ಚಿನ ಅಂಗಳದಲ್ಲಿ ಕಳ್ಳನ್ನ ಹೀರೋ ಮಾಡ್ತೀರಾ?" ಎಂದರು. ಹುಡುಗರು ನಕ್ಕರು. ಆದರೆ ಫಾದರ್ ನಗಲಿಲ್ಲ. "ಪ್ರಶ್ನೆ ಸರಿಯಾಗಿದೆ. ನಾಟಕ ಬರೆಯೋಕೆ ಮುಂಚೆ ಹಳೆಯ ಕಥೆಯಲ್ಲಿ ನಿಜವಾಗಿ ಏನಿದೆ ಅಂತ ಓದೋಣ. ಕಾರ್ಟೂನಿನ ರಾಬಿನ್ ಹುಡ್ ಬೇಡ" ಎಂದರು. ಆ ಒಂದು ತೀರ್ಮಾನದಿಂದ ಉಳಿದದ್ದೆಲ್ಲ ಹೊರಬಂತು.

ಹಳೆಯ ರಾಬಿನ್ ಹುಡ್

ರಾಬಿನ್ ಹುಡ್ ನಿಜವಾಗಿ ಬದುಕಿದ್ದನೇ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಅವನ ಹಾಡುಗಳ ಮೊದಲ ಉಲ್ಲೇಖ ಸಿಗುವುದು 1377ರ ಸುಮಾರಿನ ವಿಲಿಯಂ ಲ್ಯಾಂಗ್ಲೆಂಡನ ಕಾವ್ಯದಲ್ಲಿ. ಅಲ್ಲಿ ಸೋಮಾರಿತನ ಎಂಬ ಪಾತ್ರ ಒಬ್ಬ ಪಾದ್ರಿಯ ರೂಪದಲ್ಲಿ ಬಂದು, ತನಗೆ ಯೇಸು ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರ ಸರಿಯಾಗಿ ಬರುವುದಿಲ್ಲ, ರಾಬಿನ್ ಹುಡ್ ಹಾಡು ಮಾತ್ರ ಬರುತ್ತದೆ ಎಂದು ಒಪ್ಪಿಕೊಳ್ಳುತ್ತದೆ. 1549ರಲ್ಲಿ ಹ್ಯೂ ಲ್ಯಾಟಿಮರ್ ಎಂಬ ಮಾಜಿ ಬಿಷಪ್ ಇಂಗ್ಲೆಂಡಿನ ದೊರೆಯ ಎದುರು ಪ್ರಸಂಗ ಮಾಡುವಾಗ ಇನ್ನೊಂದು ಸಂಗತಿ ಹೇಳಿದ. ಒಂದೂರಿಗೆ ಪ್ರಸಂಗ ಮಾಡಲು ಹೋದರೆ ಚರ್ಚಿನ ಬಾಗಿಲಿಗೆ ಬೀಗ. ಅವತ್ತು ರಾಬಿನ್ ಹುಡ್ ದಿನವಂತೆ, ಊರವರೆಲ್ಲ ಅದಕ್ಕೆ ಹೋಗಿದ್ದರಂತೆ. ದೊಡ್ಡಪ್ಪನಿಗೆ ಈ ಲ್ಯಾಟಿಮರ್ ಬಹಳ ಇಷ್ಟವಾದ.

ಆದರೆ ಕಥೆಯೊಳಗಿನ ರಾಬಿನ್ ಭಕ್ತ. 1500ರ ಆಸುಪಾಸಿನಲ್ಲಿ ಅಚ್ಚಾದ ಗೆಸ್ಟ್ ಎಂಬ ಉದ್ದನೆಯ ಲಾವಣಿಯಲ್ಲಿ ಅವನು ಊಟಕ್ಕೆ ಮುಂಚೆ ಮೂರು ಪೂಜೆ ಕೇಳುತ್ತಾನೆ. ಪಿತನಿಗೆ ಒಂದು, ಪವಿತ್ರಾತ್ಮರಿಗೆ ಒಂದು, ಮಾತೆ ಮರಿಯಮ್ಮನವರಿಗೆ ಒಂದು. ಹೆಂಗಸರಿರುವ ಗುಂಪಿನ ಮೇಲೆ ಕೈ ಮಾಡುವುದಿಲ್ಲ. ನೇಗಿಲು ಹಿಡಿದು ಉಳುವ ರೈತನನ್ನು ಮುಟ್ಟಬೇಡಿ, ಬಿಷಪ್ಪರನ್ನೂ ನಾಟಿಂಗ್‌ಹ್ಯಾಂ ಶೆರಿಫನನ್ನೂ (ಅಲ್ಲಿನ ದೊರೆಯ ಅಧಿಕಾರಿ) ಬಿಡಬೇಡಿ ಎಂದು ತನ್ನವರಿಗೆ ಹೇಳುತ್ತಾನೆ. ಅವನು ಬಡವರಿಗೆ ಬಹಳ ಒಳ್ಳೆಯದು ಮಾಡಿದ ಎಂದು ಕೊನೆಯ ಸಾಲು ಹೇಳುತ್ತದೆ. ಆದರೆ ಶ್ರೀಮಂತರಿಂದ ಕಸಿದು ಬಡವರಿಗೆ ಹಂಚುವುದೇ ಅವನ ಕಸುಬು ಎಂಬ ಚಿತ್ರ ಇಷ್ಟು ಗಟ್ಟಿಯಾದದ್ದು ಆಮೇಲಿನ ಬರಹಗಾರರಿಂದ. ಗೆಸ್ಟ್‌ನಲ್ಲಿ ಅವನ ದೊಡ್ಡ ಸಹಾಯ ಹೋಗುವುದು ಒಬ್ಬ ಸಾಲಗಾರ ನೈಟ್‌ಗೆ, ಅಂದರೆ ಕುದುರೆ ಸವಾರ ಯೋಧನಿಗೆ.

ಆ ನೈಟ್ ಯಾರ್ಕಿನ ಸಂತ ಮರಿಯಮ್ಮನವರ ಮಠದ ಅಧಿಪತಿಗೆ 400 ಪೌಂಡ್ ಕೊಡಬೇಕು. ಕೊಡದಿದ್ದರೆ ಜಮೀನು ಹೋಗುತ್ತದೆ. "ನಿನ್ನ ಹತ್ತಿರ ಎಷ್ಟಿದೆ?" ಎಂದು ರಾಬಿನ್ ಕೇಳುತ್ತಾನೆ. ಹತ್ತೇ ಶಿಲ್ಲಿಂಗ್ ಎನ್ನುತ್ತಾನೆ ನೈಟ್. ಹುಡುಕಿ ನೋಡಿದರೆ ಅಷ್ಟೇ ಇರುತ್ತದೆ. ರಾಬಿನ್ ಅವನಿಂದ ಒಂದು ಕಾಸೂ ಮುಟ್ಟುವುದಿಲ್ಲ, ಬದಲಿಗೆ 400 ಪೌಂಡ್ ಸಾಲ ಕೊಡುತ್ತಾನೆ. ಜಾಮೀನು ಯಾರು? ಮಾತೆ ಮರಿಯಮ್ಮ. ಮುಂದೆ ಅದೇ ಮಠದ ಸನ್ಯಾಸಿಯೊಬ್ಬ ಸಿಕ್ಕಿಬೀಳುತ್ತಾನೆ. ನನ್ನ ಹತ್ತಿರ 20 ಮಾರ್ಕ್ (13 ಪೌಂಡ್ ಚಿಲ್ಲರೆ) ಮಾತ್ರ ಇದೆ ಎನ್ನುತ್ತಾನೆ. ಹುಡುಕಿದರೆ 800 ಪೌಂಡಿಗಿಂತ ಜಾಸ್ತಿ. ಮರಿಯಮ್ಮನವರೇ ಎರಡು ಪಟ್ಟು ವಾಪಸ್ ಕಳಿಸಿದ್ದಾರೆ ಎಂದು ರಾಬಿನ್ ಪೂರ್ತಿ ತೆಗೆದುಕೊಳ್ಳುತ್ತಾನೆ.

ಹುಡುಗರು ಇದನ್ನು ಚಪ್ಪಾಳೆ ತಟ್ಟಿಕೊಂಡು ಓದಿದರು. ನಮ್ಮ ರೈಟರ್ ಹುಡುಗ ಅಂದೇ ಆ ದೃಶ್ಯದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡ.

ಸಮಸ್ಯೆ

ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗಿ ಜನವರಿವರೆಗೆ ನಡೆಯುತ್ತದೆ. ಹಣ್ಣು ಕೊಯ್ಯುವವರಿಗೆ ಆ ತೋಟದಲ್ಲಿ ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ಚೀಲಗಳು ತಕ್ಕಡಿಗೆ ಬರುತ್ತವೆ, ರೈಟರ್ ತೂಕ ನೋಡಿ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆಯುತ್ತಾನೆ. ಅಲ್ಲಿ ಚೀಲಕ್ಕೆ 2 ಕಿಲೋ ಮುರಿದುಕೊಳ್ಳುವ ಪದ್ಧತಿ ಇತ್ತು. ಚೀಲದ ತೂಕ, ಎಲೆ, ಕಸ, ಇಬ್ಬನಿ ಎಂದು ಕಾರಣ. ಖಾಲಿ ಪ್ಲಾಸ್ಟಿಕ್ ಚೀಲ 200 ಗ್ರಾಂ ಕೂಡ ತೂಗುವುದಿಲ್ಲ. ಕೊಯ್ಯುವವರಿಗೆ ಇದು ಗೊತ್ತಿತ್ತು. ಕೇಳಿದರೆ ನಾಳೆ ಕೆಲಸಕ್ಕೆ ಬರಬೇಡ ಎನ್ನುತ್ತಾರೆ ಎಂಬ ಹೆದರಿಕೆಯೂ ಇತ್ತು.

ಹುಡುಗನಿಗೆ ಇದನ್ನು ಸಹಿಸಲಾಗಲಿಲ್ಲ. ಅವನ ತಾಯಿಯೇ ಒಂದು ಕಾಲದಲ್ಲಿ ಹಣ್ಣು ಕೊಯ್ದವರು. ಅವನು ಯಾರಿಗೂ ಹೇಳದೆ ಕೆಲವರ ಹೆಸರಿನ ಮುಂದೆ 3-4 ಕಿಲೋ ಜಾಸ್ತಿ ಬರೆಯತೊಡಗಿದ. ಒಬ್ಬಳು ವಿಧವೆ, ಮಗುವಿಗೆ ಹುಷಾರಿಲ್ಲದ ಒಂದು ಮನೆ, ಬಡ್ಡಿ ಸಾಲದಲ್ಲಿ ಸಿಕ್ಕಿಕೊಂಡ ಇನ್ನೊಂದು ಮನೆ, ಹೀಗೆ. ತನಗೆ ಒಂದು ರೂಪಾಯಿ ಇಟ್ಟುಕೊಳ್ಳಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಕೆಲವರು ಬೇರೆ ಥರ ಮಾತಾಡಿದರು.

ಡಿಸೆಂಬರ್ ಮಧ್ಯದಲ್ಲಿ ಸಾಹುಕಾರರ ಮಗ ಲೆಕ್ಕ ತೆಗೆದ. 5-6 ಕಿಲೋ ಹಣ್ಣಿಗೆ ಸುಮಾರು 1 ಕಿಲೋ ಕಾಫಿ ಬೀಜ ಬರಬೇಕು. ಪುಸ್ತಕದಲ್ಲಿರುವ ಹಣ್ಣಿಗೂ ಕಣದಲ್ಲಿ ಒಣಗುತ್ತಿರುವ ಕಾಫಿಗೂ ತಾಳೆ ಆಗಲಿಲ್ಲ. ಪುಸ್ತಕದ ಮೇಲೆ ಅನುಮಾನ ಬರಲಿಲ್ಲ, ಹುಡುಗನ ಮೇಲೆ ಅಷ್ಟು ನಂಬಿಕೆ. ಅನುಮಾನ ಬಂದದ್ದು ಮೇಸ್ತ್ರಿಯ ಮೇಲೆ. ಮಲೆನಾಡಿನಲ್ಲಿ ಕಾಫಿ ಕಳವು ಹೊಸದೇನಲ್ಲ. ತಕ್ಕಡಿಯಿಂದ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಚೀಲ ಸಾಗಿಸುವುದು ಮೇಸ್ತ್ರಿಯ ಜವಾಬ್ದಾರಿ. ದಾರಿಯಲ್ಲಿ ಹಣ್ಣು ಹೊರಗೆ ಹೋಗುತ್ತಿದೆ ಎಂದು ತೀರ್ಮಾನಿಸಿದರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ದುಡಿದ ಮನುಷ್ಯ. ಎಲ್ಲರ ಎದುರು ಗೇಟಿನ ಹೊರಗೆ ನಿಲ್ಲಿಸಿದರು. ಬರಬೇಕಾದ ಕೂಲಿಯನ್ನೂ ತಡೆಹಿಡಿದರು.

ಹುಡುಗ ಬಾಯಿ ಬಿಡಲಿಲ್ಲ. ಸಾಹುಕಾರರ ಕೋಪ ಒಂದೆರಡು ದಿನದಲ್ಲಿ ಇಳಿಯುತ್ತದೆ, ಮೇಸ್ತ್ರಿಯನ್ನು ವಾಪಸ್ ಕರೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡನಂತೆ. ಜಾಸ್ತಿ ಬರೆಯುವುದನ್ನು ನಿಲ್ಲಿಸಿದ. ನಾಟಕದ ರಿಹರ್ಸಲ್‌ಗೆ ಮಾತ್ರ ತಪ್ಪದೆ ಬರುತ್ತಿದ್ದ.

ಸನ್ಯಾಸಿಯ ಜೊತೆಗಿದ್ದ ಹುಡುಗ

ಮೊದಲ ತಿರುವು ಬಂದದ್ದು ಒಂದು ಓದಿನಲ್ಲಿ. 1450ರ ನಂತರದ ಒಂದು ಕೈಬರಹದಲ್ಲಿ ಉಳಿದಿರುವ ಇನ್ನೊಂದು ಲಾವಣಿ ಇದೆ, ರಾಬಿನ್ ಹುಡ್ ಮತ್ತು ಸನ್ಯಾಸಿಯದು. ರಾಬಿನ್‌ಗೆ ಪೂಜೆ ತಪ್ಪಿಹೋಗಿದೆ ಎಂಬ ಕೊರಗು. ಅಪಾಯ ಇದ್ದರೂ ನಾಟಿಂಗ್‌ಹ್ಯಾಂನ ಚರ್ಚಿಗೆ ಹೊರಡುತ್ತಾನೆ. ದಾರಿಯಲ್ಲಿ ಬಾಣದ ಪಂದ್ಯದಲ್ಲಿ ಸೋತು, ತನ್ನ ಗುಂಪಿನ ಲಿಟಲ್ ಜಾನ್‌ಗೆ ಹಣ ಕೊಡದೆ ಅವನಿಗೇ ಸುಳ್ಳುಗಾರ ಎಂದು ಹೊಡೆಯುತ್ತಾನೆ. ಚರ್ಚಿನಲ್ಲಿ ಹಿಂದೆ ಅವನಿಂದ ಲೂಟಿಯಾಗಿದ್ದ ಸನ್ಯಾಸಿಯೊಬ್ಬ ಗುರುತು ಹಿಡಿಯುತ್ತಾನೆ. ರಾಬಿನ್ ಸೆರೆಯಾಗುತ್ತಾನೆ. ಸುದ್ದಿ ದೊರೆಗೆ ಮುಟ್ಟಿಸಲು ಹೊರಟ ಸನ್ಯಾಸಿಯನ್ನು ಲಿಟಲ್ ಜಾನ್ ಕೊಲ್ಲುತ್ತಾನೆ. ಸನ್ಯಾಸಿಯ ಜೊತೆ ಒಬ್ಬ ಸಣ್ಣ ಹುಡುಗ ಇದ್ದಾನೆ, ಅವನ ಸೇವಕ. ಅವನು ಯಾರಿಗಾದರೂ ಹೇಳಿಬಿಟ್ಟಾನು ಎಂಬ ಭಯಕ್ಕೆ ರಾಬಿನ್ ಗುಂಪಿನ ಮಚ್ ಎಂಬುವನು ಆ ಹುಡುಗನನ್ನೂ ಕೊಲ್ಲುತ್ತಾನೆ. ಲಾವಣಿ ಅಲ್ಲಿ ನಿಲ್ಲುವುದೂ ಇಲ್ಲ. ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ.

ಅದನ್ನು ಓದಿದಾಗ ಹುಡುಗಿಯರಲ್ಲಿ ಒಬ್ಬಳು, "ಆ ಮಗು ಏನು ಮಾಡಿತ್ತು?" ಎಂದಳು. ಇದನ್ನು ನಾಟಕದಲ್ಲಿ ಬಿಟ್ಟುಬಿಡೋಣ ಎಂದರು ಕೆಲವರು. ಬಿಡುವುದಾದರೆ ಯಾಕೆ ಬಿಡಬೇಕು ಎಂಬ ಚರ್ಚೆ ಶುರುವಾಯಿತು. ಸಿಸ್ಟರ್ ಒಬ್ಬರು ಹೇಳಿದ ಮಾತು ನನಗೆ ಇವತ್ತಿಗೂ ಸರಿ ಅನಿಸುತ್ತದೆ: "ರಾಬಿನ್ ಯಾರಿಂದ ಕಿತ್ತುಕೊಂಡ, ಯಾರಿಗೆ ಕೊಟ್ಟ ಅಂತ ಮಾತ್ರ ನೋಡಿದ್ರೆ ಅವನು ಒಳ್ಳೆಯವನಾಗಿ ಕಾಣ್ತಾನೆ. ಅವನ ಗುಟ್ಟು ಉಳಿಯೋಕೆ ಬೆಲೆ ಕೊಟ್ಟವರು ಯಾರು ಅಂತಲೂ ನೋಡಬೇಕು."

ಹುಡುಗ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು ಎಲ್ಲರ ಎದುರೇ ಹೇಳಿದ. ಪುಸ್ತಕ ತಿದ್ದಿದ್ದು ನಾನು, ಮೇಸ್ತ್ರಿ ಕದ್ದಿಲ್ಲ.

ಸಮರ್ಥನೆ ಮತ್ತು ಉತ್ತರ

ಹೇಳಿದ, ಆದರೆ ತಪ್ಪು ಎಂದು ಒಪ್ಪಲಿಲ್ಲ. ಮೇಸ್ತ್ರಿಗೆ ಆದದ್ದಕ್ಕೆ ಅತ್ತ. ತೂಕ ತಿದ್ದಿದ್ದಕ್ಕೆ ಮಾತ್ರ ಅವನ ಹತ್ತಿರ ಉತ್ತರ ಇತ್ತು, ಅದೂ ಬೈಬಲ್‌ನಿಂದಲೇ. ಸಂತ ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಒಬ್ಬ ಮೇಲ್ವಿಚಾರಕ ಬರುತ್ತಾನೆ. ಯಜಮಾನನ ಸಾಲಗಾರರನ್ನು ಕರೆದು ಪತ್ರ ತಿದ್ದಿಸುತ್ತಾನೆ. ನೂರು ಅಳತೆ ಎಣ್ಣೆ ಇದ್ದದ್ದನ್ನು ಐವತ್ತು, ನೂರು ಅಳತೆ ಗೋದಿ ಇದ್ದದ್ದನ್ನು ಎಂಬತ್ತು ಎಂದು ಬರೆಸುತ್ತಾನೆ. ಯಜಮಾನ ಅವನನ್ನು ಹೊಗಳುತ್ತಾನೆ. "ಅವನೂ ರೈಟರೇ ಅಲ್ವಾ ಫಾದರ್?" ಎಂದ ಹುಡುಗ.

ಫಾದರ್ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಅವನ ಜಾಣತನವನ್ನು ಹೊಗಳಿದ್ದು, ಅವನ ಕೆಲಸವನ್ನಲ್ಲ ಎಂದರು. ಅದೇ ಕಥೆಯಲ್ಲಿ ಅವನನ್ನು ಅಪ್ರಾಮಾಣಿಕ ಎಂದೇ ಕರೆದಿದೆ. ಮುಂದಿನ ಸಾಲುಗಳಲ್ಲೇ, ಸಣ್ಣದರಲ್ಲಿ ನಂಬಿಗಸ್ತನಾದವನು ದೊಡ್ಡದರಲ್ಲೂ ನಂಬಿಗಸ್ತ ಎಂಬ ಮಾತಿದೆ. ಅವನು ಪತ್ರ ತಿದ್ದಿಸಿದ್ದು ಬಡವರ ಮೇಲಿನ ಮರುಕದಿಂದಲೂ ಅಲ್ಲ, ಕೆಲಸ ಹೋದ ಮೇಲೆ ಯಾರಾದರೂ ಮನೆಗೆ ಸೇರಿಸಿಕೊಳ್ಳಲಿ ಎಂದು. "ನಿನ್ನ ಮನಸ್ಸು ಅವನಿಗಿಂತ ಒಳ್ಳೇದು ಮಗ. ಆದ್ರೆ ಪುಸ್ತಕ ಅದೇ ಪುಸ್ತಕ" ಎಂದರು ದೊಡ್ಡಪ್ಪ.

ಇನ್ನೊಂದು ವಾದವೂ ಇತ್ತು. ಧರ್ಮಶಾಸ್ತ್ರ ಪಂಡಿತರಾದ ಸಂತ ತೋಮಾಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ಬರೆದಿದ್ದಾರೆ: ಪ್ರಾಣಕ್ಕೆ ಕುತ್ತು ಬರುವಂಥ ತುರ್ತು, ಬೇರೆ ದಾರಿಯೇ ಇಲ್ಲ ಎನ್ನುವ ಸ್ಥಿತಿಯಲ್ಲಿ ಇನ್ನೊಬ್ಬರ ವಸ್ತು ತೆಗೆದುಕೊಂಡರೆ ಅದು ಕಳ್ಳತನ ಆಗುವುದಿಲ್ಲ. ಇದು ಧರ್ಮಸಭೆಯ ಬೋಧನೆಯಲ್ಲಿ ಇವತ್ತಿಗೂ ಇದೆ. ಚರ್ಚು ಯಾವಾಗಲೂ ಉಳ್ಳವರ ಪರ ಎನ್ನುವವರು ಇದನ್ನು ಓದಬೇಕು. ಆದರೆ ನಮ್ಮ ಪ್ರಕರಣ ಅಲ್ಲಿಗೆ ಮುಟ್ಟುತ್ತದೆಯೇ? ಕೊಯ್ಯುವವರು ಹಸಿವಿನಿಂದ ಸಾಯುತ್ತಿರಲಿಲ್ಲ. ಅವರಿಗೆ ನ್ಯಾಯದ ಕೂಲಿ ಸಿಗುತ್ತಿರಲಿಲ್ಲ, ಅಷ್ಟೇ. ಆ "ಅಷ್ಟೇ" ಸಣ್ಣದಲ್ಲ. ಆದರೂ ಎರಡೂ ಬೇರೆ.

ಆಮೇಲೆ ಫಾದರ್ ಒಂದು ಹಳೆಯ ತೀರ್ಪಿನ ಬಗ್ಗೆ ಹೇಳಿದರು, ನಮಗ್ಯಾರಿಗೂ ಗೊತ್ತಿರಲಿಲ್ಲ. ತನ್ನ ದುಡಿಮೆಗೆ ತಕ್ಕ ಸಂಬಳ ಸಿಗುತ್ತಿಲ್ಲ ಎಂದು ಆಳಿಗೆ ಅನಿಸಿದರೆ ಗುಟ್ಟಾಗಿ ಯಜಮಾನನಿಂದ ತೆಗೆದು ಸರಿದೂಗಿಸಿಕೊಳ್ಳಬಹುದು ಎಂದು ಕೆಲವು ಬೋಧಕರು ಹೇಳುತ್ತಿದ್ದರು. 1679ರಲ್ಲಿ ಪೋಪ್ 11ನೇ ಇನೊಸೆಂಟ್ ಕಾಲದಲ್ಲಿ ಈ ಮಾತನ್ನು ತಪ್ಪು ಎಂದು ತಳ್ಳಿಹಾಕಲಾಯಿತು. ಹುಡುಗನ ಮುಖ ಸಪ್ಪಗಾಯಿತು. ಫಾದರ್ ಅಲ್ಲಿಗೆ ನಿಲ್ಲಿಸಲಿಲ್ಲ. ಸಂತ ಯಾಕೋಬನ ಪತ್ರದ 5ನೇ ಅಧ್ಯಾಯ ತೆಗೆದು ಓದಿದರು. ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ. 1891ರಲ್ಲಿ ಪೋಪ್ 13ನೇ ಲಿಯೋ ಕಾರ್ಮಿಕರ ಬಗ್ಗೆ ಬರೆದ ಪತ್ರದಲ್ಲೂ ಇದೇ ವಚನ ಇದೆ. ಮತ್ತೆ ಜ್ಞಾನೋಕ್ತಿ 20ನೇ ಅಧ್ಯಾಯ: ಎರಡು ಬಗೆಯ ತೂಕ, ಎರಡು ಬಗೆಯ ಅಳತೆ, ಎರಡೂ ದೇವರಿಗೆ ಅಸಹ್ಯ. ಒಂದೇ ತಕ್ಕಡಿಯಲ್ಲಿ ಸಾಹುಕಾರರದೊಂದು ಸುಳ್ಳು ತೂಕ, ಹುಡುಗನದೊಂದು ಸುಳ್ಳು ತೂಕ. ಆ ಸಂಜೆ ಯಾರೂ ಪೂರ್ತಿ ಗೆದ್ದ ಹಾಗೆ ಮನೆಗೆ ಹೋಗಲಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಉತ್ತರ ಬಂದದ್ದು ಹಣ್ಣು ಕೊಯ್ಯುವ ಒಬ್ಬ ಅಕ್ಕನಿಂದ. ಮಾರನೇ ದಿನ ವಿಷಯ ತೋಟದ ಕೆಲಸಗಾರರು ಇರುವ ಲೈನ್ ಮನೆಗಳಿಗೆ ಮುಟ್ಟಿತ್ತು. ಅವಳು ನೇರ ಬಂದು ಕೇಳಿದಳು: "ನನ್ನ ಹೆಸರಿಗೆ ಯಾಕೆ ಬರೀಲಿಲ್ಲ ರೈಟರಣ್ಣ? ನನ್ನ ಚೀಲದಲ್ಲೂ ಎರಡು ಕಿಲೋ ಮುರೀತಿದ್ರಲ್ಲ?" ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಎಲ್ಲರ ಚೀಲದಿಂದಲೂ ಕಡಿತ ಆಗಿತ್ತು. ಅವನು ತುಂಬಿಕೊಟ್ಟದ್ದು ತನಗೆ ಪರಿಚಯ ಇದ್ದವರಿಗೆ ಮಾತ್ರ. ಅಸ್ಸಾಮಿನಿಂದ ಬಂದಿದ್ದ ಕಾರ್ಮಿಕರಲ್ಲಿ ಒಬ್ಬರ ಹೆಸರಿಗೂ ಒಂದು ಕಿಲೋ ಸೇರಿಸಿರಲಿಲ್ಲ. ಅವರ ಜೊತೆ ಮಾತು ಇರಲಿಲ್ಲ, ಕಷ್ಟ ಗೊತ್ತಿರಲಿಲ್ಲ. ಅವರನ್ನು ಬೇಕೆಂದು ಬಿಟ್ಟದ್ದಲ್ಲ, ಅವರು ಅವನ ಕಣ್ಣಿಗೇ ಬಿದ್ದಿರಲಿಲ್ಲ.

ರಾಬಿನ್ ಕಥೆಯಲ್ಲೂ ಹಾಗೇ. ಯಾರನ್ನು ಮುಟ್ಟಬೇಕು, ಯಾರನ್ನು ಬಿಡಬೇಕು, ಯಾರಿಗೆ ಸಾಲ ಎಂದು ಕಾಡಿನಲ್ಲಿ ಕೂತು ತೀರ್ಮಾನಿಸುವವನು ಅವನೊಬ್ಬನೇ. ಅವನ ಮನಸ್ಸು ಒಳ್ಳೆಯದಿರುವ ತನಕ ಅದು ಕರುಣೆಯಂತೆ ಕಾಣುತ್ತದೆ. ಆದರೂ ಅವನಿಗೊಂದು ಕಟ್ಟುನಿಟ್ಟು ಇದೆ ಎಂಬುದನ್ನು ಒಪ್ಪಲೇಬೇಕು. ನಿಜ ಹೇಳಿದ ನೈಟ್‌ನನ್ನು ಉಳಿಸುತ್ತಾನೆ, ಸುಳ್ಳು ಹೇಳಿದ ಸನ್ಯಾಸಿಯನ್ನು ಬರಿಗೈ ಮಾಡುತ್ತಾನೆ. ಈ ಪರೀಕ್ಷೆಗೆ ನಮ್ಮ ಹುಡುಗನ ಪುಸ್ತಕ ಒಡ್ಡಿದರೆ ಅವನೇ ಸನ್ಯಾಸಿಯ ಜಾಗದಲ್ಲಿ ನಿಲ್ಲುತ್ತಾನೆ. ಇದನ್ನು ಅವನೇ ಮೊದಲು ಹೇಳಿದ್ದು. ಬಾಯಿಪಾಠ ಮಾಡಿದ ದೃಶ್ಯ ಅಲ್ವಾ, ಅವನಿಗೆ ಚುಚ್ಚಿತ್ತು.

ಏನೇನು ಯೋಚಿಸಿದೆವು

ಮೇಸ್ತ್ರಿಯ ವಿಷಯ ತಡ ಮಾಡುವ ಹಾಗಿರಲಿಲ್ಲ. ಸಂಘದಲ್ಲಿ ಮೂರು ಸಲಹೆ ಬಂದವು.

ಮೇಸ್ತ್ರಿ ಕಳೆದುಕೊಂಡ ಕೂಲಿಯನ್ನು ಸಂಘದ ಹಣದಿಂದ ಸುಮ್ನೆ ಕೊಟ್ಟುಬಿಡೋಣ ಎಂದರು ಕೆಲವರು. ಹಣ ಸಿಗುತ್ತದೆ, ಕಳ್ಳ ಎಂಬ ಹೆಸರು ಹೋಗುವುದಿಲ್ಲ. ಅದು ಬಿದ್ದುಹೋಯಿತು.

ಸಾಹುಕಾರರಿಗೆ ಹೆಸರಿಲ್ಲದ ಪತ್ರ ಬರೆಯೋಣ ಎಂಬುದು ಎರಡನೆಯದು. ಇದಕ್ಕೆ ಬೆಂಬಲ ಜಾಸ್ತಿ ಇತ್ತು. ಹುಡುಗನ ಕೆಲಸ ಉಳಿಯುತ್ತದೆ, ಪೊಲೀಸ್ ಭಯ ಇಲ್ಲ. ಇದನ್ನು ಮುರಿದದ್ದು ದೊಡ್ಡಪ್ಪ. ಹೆಸರಿಲ್ಲದ ಪತ್ರ ಬಂದರೆ ಅದನ್ನು ಬರೆಸಿದ್ದು ಮೇಸ್ತ್ರಿಯೇ ಎಂದು ಸಾಹುಕಾರರು ತಿಳಿಯುತ್ತಾರೆ, ಅವನ ಕುತ್ತಿಗೆಗೆ ಇನ್ನೊಂದು ಹಗ್ಗ ಎಂದರು. ಗುಟ್ಟಿನಿಂದ ಆದ ಗಾಯಕ್ಕೆ ಇನ್ನೊಂದು ಗುಟ್ಟು ಮದ್ದಲ್ಲ ಎಂಬುದು ನಮಗೆಲ್ಲ ಅಲ್ಲಿ ಅರ್ಥವಾಯಿತು.

ಮೂರನೆಯದು ಹುಡುಗನೇ ಹೋಗಿ ಹೇಳುವುದು. ಇದಕ್ಕೆ ಎಲ್ಲರೂ ಒಪ್ಪಿದ ಮೇಲೆ ನಿಜವಾದ ಜಟಾಪಟಿ ಶುರುವಾಯಿತು. ಹೋಗಿ ಏನು ಹೇಳಬೇಕು? "ನಾನು ತಿದ್ದಿದೆ, ನೀವೂ ತೂಕದಲ್ಲಿ ಮೋಸ ಮಾಡ್ತಿದ್ದೀರಿ" ಎಂದು ಎರಡನ್ನೂ ಒಂದೇ ಉಸಿರಿಗೆ ಹೇಳಬೇಕು ಎಂದರು ಯುವಕರು. ಹಾಗೆ ಹೇಳಿದರೆ ಅದು ವ್ಯಾಪಾರವಾಗುತ್ತದೆ, ನೀನು ನನ್ನದು ಬಿಡು, ನಾನು ನಿನ್ನದು ಬಿಡುತ್ತೇನೆ ಎಂದಾಗುತ್ತದೆ ಎಂದರು ಫಾದರ್. ಬೈಬಲ್‌ನಲ್ಲಿ ರೋಮಿನವರಿಗಾಗಿ ತೆರಿಗೆ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆ ನೆನಪಿಸಿದರು. ಅವನು ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕು ಪಟ್ಟು ವಾಪಸ್ ಎಂದಾಗ ರೋಮಿನವರ ಲೆಕ್ಕ ಮೊದಲು ಸರಿಯಾಗಲಿ ಎಂದು ಕಾಯಲಿಲ್ಲ.

ನಾನು ಇಲ್ಲಿ ಹುಡುಗರ ಪರ ನಿಂತೆ, ಈಗಲೂ ನಿಲ್ಲುತ್ತೇನೆ. ತಪ್ಪೊಪ್ಪಿಗೆ ಇವತ್ತು, ಕೂಲಿಯವರ ದೂರು ಇನ್ನೊಂದು ದಿನ ಎಂದರೆ ಆ ಇನ್ನೊಂದು ದಿನ ಬರುವುದೇ ಇಲ್ಲ. ಬಡವರ ಸರದಿ ಯಾವಾಗಲೂ ನಾಳೆ. ಕೊನೆಗೆ ಒಂದು ದಾರಿ ಸಿಕ್ಕಿತು. ಎರಡು ಭೇಟಿ, ಬೇರೆ ಬೇರೆ. ಆದರೆ ಮೊದಲನೆಯದಕ್ಕೆ ಹೊರಡುವ ಮುಂಚೆಯೇ ಎರಡನೆಯದರ ದಿನ ನಿಗದಿಯಾಗಬೇಕು, ಯಾರು ಹೋಗುತ್ತಾರೆ ಎಂದು ಕೊಯ್ಯುವವರೇ ಆರಿಸಬೇಕು, ಅವರಲ್ಲಿ ಅಸ್ಸಾಮಿನವರೂ ಒಬ್ಬರಿರಬೇಕು. ಇಂಥ ಪ್ರಕರಣ ಎದುರಾದವರಿಗೆ ನಾನು ಗಟ್ಟಿಯಾಗಿ ಹೇಳುವುದು ಈ ಹೆಜ್ಜೆಯ ಬಗ್ಗೆ. ದಿನ ಮೊದಲೇ ಬರೆದಿಡಿ.

ವಾಪಸ್ ಕೊಡುವ ಲೆಕ್ಕವೂ ಆಯಿತು. ಹುಡುಗ ತನ್ನ ಸಣ್ಣ ನೋಟ್ ಬುಕ್ಕಿನಲ್ಲಿ ಜಾಸ್ತಿ ಬರೆದ ಕಿಲೋಗಳನ್ನು ಗುರುತು ಹಾಕಿಟ್ಟಿದ್ದ. ಅದನ್ನು ಕೂಲಿಯವರಿಂದ ವಾಪಸ್ ಕೇಳಬಾರದು, ಅವನೇ ಕಟ್ಟಬೇಕು, ಮೊದಲು ಮೇಸ್ತ್ರಿಗೆ ಆಗಿರುವ ನಷ್ಟ, ಆಮೇಲೆ ತೋಟದ್ದು ಎಂದು ತೀರ್ಮಾನವಾಯಿತು. ನಾಲ್ಕು ಪಟ್ಟು ಕೊಡಬೇಕಾ ಎಂದು ಕೇಳಿದ. ಜಕ್ಕಾಯನಿಗೆ ಯಾರೂ ಹೇಳಿರಲಿಲ್ಲ, ಅವನಾಗಿ ಕೊಟ್ಟ, ನೀನು ಆದಷ್ಟು ಕಟ್ಟು ಎಂದರು ಫಾದರ್. ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಸಂತ ಪೌಲರು ಕಳ್ಳನಿಗೆ ಹೇಳುವ ಮಾತು ಇದೇ. ಇನ್ನು ಕದಿಯಬೇಡ, ಕೈಯಾರೆ ದುಡಿ, ಇಲ್ಲದವರಿಗೆ ಕೊಡಲು ನಿನ್ನ ಹತ್ತಿರ ಏನಾದರೂ ಇರಲಿ. ಕೊಡುವ ಆಸೆಯನ್ನು ಪೌಲರು ಬೇಡ ಎನ್ನುವುದಿಲ್ಲ. ಯಾರ ಜೇಬಿನಿಂದ ಎಂಬುದನ್ನು ಬದಲಿಸುತ್ತಾರೆ.

ಏನಾಯಿತು

ಹುಡುಗ ಮೊದಲು ಮೇಸ್ತ್ರಿಯ ಮನೆಗೆ ಹೋದ, ದೊಡ್ಡಪ್ಪನ ಜೊತೆ. ಮೇಸ್ತ್ರಿ ಬೈಯಲಿಲ್ಲ. ಅವರ ಹೆಂಡತಿ ಬೈದರು, ಬೈಯಲೇಬೇಕಿತ್ತು. ಹುಡುಗ ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡ.

ಸಾಹುಕಾರರು ಪೂರ್ತಿ ಕೇಳಿ, ಪುಸ್ತಕ ತರಿಸಿ, ನೋಟ್ ಬುಕ್ಕಿನ ಜೊತೆ ತಾಳೆ ನೋಡಿದರು. ಅಂದೇ ಕೆಲಸದಿಂದ ತೆಗೆದರು. ಪೊಲೀಸ್ ಕಂಪ್ಲೇಂಟ್ ಕೊಡಲಿಲ್ಲ. ಮೇಸ್ತ್ರಿಯ ತಡೆದ ಕೂಲಿ ಎರಡು ದಿನದಲ್ಲಿ ಹೋಯಿತು, ನಾಳೆಯಿಂದ ಬರಲು ಹೇಳಿ ಎಂದು ಕಳಿಸಿದರು. ಕ್ಷಮಿಸು ಎಂಬ ಮಾತು ಕಳಿಸಲಿಲ್ಲ. ಮೇಸ್ತ್ರಿ ವಾಪಸ್ ಹೋಗಲಿಲ್ಲ. "ಕಳ್ಳ ಅಂತ ನಿಲ್ಲಿಸಿದ ಗೇಟು ದಾಟೋಕೆ ನಂಗೆ ಕಾಲು ಬರಲ್ಲ" ಎಂದರು. ಲೈನ್ ಮನೆ ಖಾಲಿ ಮಾಡಿ ಹಾಸನದಲ್ಲಿರುವ ಮಗನ ಮನೆಗೆ ಹೋದರು. ಈ ಪ್ರಕರಣದಲ್ಲಿ ಸರಿಯಾಗದೆ ಉಳಿದದ್ದು ಇದು. ಹುಡುಗ ಹಣ ಕಟ್ಟಬಲ್ಲ, ಇಪ್ಪತ್ತು ವರ್ಷದ ಮಾನವನ್ನು ಕಟ್ಟಿಕೊಡಲು ಅವನಿಂದ ಆಗದು.

ಎರಡನೆಯ ಭೇಟಿ ನಿಗದಿಯಾದ ದಿನವೇ ನಡೆಯಿತು. ಕೊಯ್ಯುವವರಲ್ಲಿ ನಾಲ್ವರು ಹೋದರು, "ನನ್ನ ಹೆಸರಿಗೆ ಯಾಕಿಲ್ಲ" ಎಂದು ಕೇಳಿದ್ದ ಅಕ್ಕ ಮುಂದೆ. ಫಾದರ್ ಜೊತೆಗಿದ್ದರು, ಮಾತಾಡಲಿಲ್ಲ. ಕೇಳಿದ್ದು ನಾಲ್ಕು ವಿಷಯ. ತಕ್ಕಡಿ ಎಲ್ಲರಿಗೂ ಕಾಣುವ ಕಡೆ ಇರಲಿ, ಅದರ ಮೇಲೆ ತೂಕ ಅಳತೆ ಇಲಾಖೆಯ ಮುದ್ರೆ ಇರಲಿ. ತೂಕ ಕೂಗಿ ಹೇಳಿ ಚೀಟಿ ಕೊಡಲಿ. ಖಾಲಿ ಚೀಲ ತೂಗಿ ಅಷ್ಟೇ ಮುರಿಯಲಿ. ಇಬ್ಬನಿ ಮಳೆ ಎಂದು ಕಣ್ಣಂದಾಜಿನ ಕಡಿತ ಬೇಡ. ಮೊದಲ ಮೂರಕ್ಕೆ ಸಾಹುಕಾರರು ಒಪ್ಪಿದರು. ಅವರ ಮಗನೇ ಒತ್ತಾಯ ಮಾಡಿದನಂತೆ, ಲೆಕ್ಕ ಸರಿ ಬರುತ್ತದೆ ಎಂದು. ನಾಲ್ಕನೆಯದಕ್ಕೆ ಒಪ್ಪಲಿಲ್ಲ.

ಹಬ್ಬದ ಅಕ್ಕಿಯ ವಿಷಯದಲ್ಲಿ ಚರ್ಚಿನ ಸಮಿತಿಯಲ್ಲಿ ಬಿಸಿಬಿಸಿ ಮಾತಾಯಿತು. ಲೂಟಿಯನ್ನೂ ಅನ್ಯಾಯವನ್ನೂ ನಾನು ಹಗೆ ಮಾಡುತ್ತೇನೆ ಎಂದು ಪ್ರವಾದಿ ಯೆಶಾಯನ ಗ್ರಂಥದ 61ನೇ ಅಧ್ಯಾಯದಲ್ಲಿ ದೇವರು ಹೇಳುತ್ತಾರೆ. ಕೂಲಿ ಮುರಿದ ಮನೆಯ ಅಕ್ಕಿ ಹಬ್ಬಕ್ಕೆ ಬೇಡ ಎಂದರು ಕೆಲವರು. ಮೂರು ಬೇಡಿಕೆಗೆ ಒಪ್ಪಿದ್ದಾರಲ್ಲ, ತೆಗೆದುಕೊಳ್ಳೋಣ ಎಂದರು ಇನ್ನು ಕೆಲವರು. ಆ ವರ್ಷ ತೆಗೆದುಕೊಂಡರು. ನನಗೆ ಅದು ಸರಿ ಕಾಣಲಿಲ್ಲ, ಹೇಳಿದ್ದೇನೆ ಕೂಡ.

ನಾಟಕ ಬಿಡಬೇಕೆಂದು ಹಟ ಹಿಡಿದಿದ್ದ ದೊಡ್ಡಪ್ಪನೇ ಈಗ ಆಡಿ ಎಂದರು, ಆ ಸಣ್ಣ ಸೇವಕನನ್ನು ಬಿಡಬೇಡಿ ಎಂಬ ಷರತ್ತಿನ ಮೇಲೆ. ರಾಬಿನ್ ಪಾತ್ರ ಬೇರೆಯವನು ಮಾಡಿದ. ನಮ್ಮ ಹುಡುಗ ಮೈಕು, ಲೈಟು ನೋಡಿಕೊಂಡ. ನೈಟ್‌ನ ದೃಶ್ಯಕ್ಕೆ ಜನ ಚಪ್ಪಾಳೆ ಹೊಡೆದರು, ಸೇವಕನ ದೃಶ್ಯಕ್ಕೆ ಮುಜುಗರಪಟ್ಟರು. "ಮಕ್ಕಳಿಗಿದ್ದ ಒಬ್ಬ ಹೀರೋನ ಹಾಳು ಮಾಡಿದ್ರಿ" ಎಂದು ಒಬ್ಬ ತಂದೆ ಬೇಜಾರು ಮಾಡಿಕೊಂಡರು. ಅವರ ಮಗಳು, ಎಂಟನೇ ಕ್ಲಾಸಿನವಳು, ರಾಬಿನ್ ಆ ಹುಡುಗನ ಅಮ್ಮನ ಹತ್ತಿರ ಹೋಗಿ ಹೇಳಿದನಾ ಎಂದು ನನ್ನನ್ನು ಕೇಳಿದಳು. ಲಾವಣಿಯಲ್ಲಿ ಹಾಗೇನೂ ಇಲ್ಲ ಎಂದೆ.

ಹುಡುಗ ಈಗ ಚಿಕ್ಕಮಗಳೂರಿನಲ್ಲಿ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಮೇಸ್ತ್ರಿಯ ಲೆಕ್ಕ ತೀರಿದೆ, ತೋಟದ್ದನ್ನು ತಿಂಗಳು ತಿಂಗಳು ಕಟ್ಟುತ್ತಿದ್ದಾನೆ. ಸಂಘದ ಖಜಾಂಚಿ ಕೆಲಸ ಬಿಡುತ್ತೇನೆ ಎಂದಾಗ ಸಂಘ ಬೇಡ ಎನ್ನಲಿಲ್ಲ. ಮುಂದಿನ ವರ್ಷ ನೋಡೋಣ ಎಂದಿತು. ಕೊಯ್ಲಿನ ಕಾಲದಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ಅಕ್ಕಂದಿರು ತಮ್ಮ ತೂಕದ ಚೀಟಿಗಳನ್ನು ತರುತ್ತಾರೆ, ಅವನು ಅವರ ಜೊತೆ ಕೂತು ಕೂಡಿಸಿ ನೋಡುತ್ತಾನೆ. ಇಬ್ಬನಿ ಕಡಿತದ ಬಗ್ಗೆ ಅವರು ಕಾರ್ಮಿಕ ಇಲಾಖೆಗೆ ಅರ್ಜಿ ಬರೆದಿದ್ದಾರೆ. ಅರ್ಜಿಯ ಕೊನೆಯಲ್ಲಿ ಕೊಯ್ಯುವವರೆಲ್ಲರ ಸಹಿ, ಹೆಬ್ಬೆಟ್ಟು ಇವೆ, ಅಸ್ಸಾಮಿನವರದೂ ಸೇರಿ.